ಸುಲಿದ ಕೈಗೆ ಯಾವ ಕ್ರೀಮು?

ಅಡಿಕೆ ಸುಗ್ಗಿಯ ಕೊನೆಗೆ, ಒಣಗಾಳಿ ಶುರುವಾದಾಗ, ನಮ್ಮ ಉಬ್ರಾಣಿ ಕಡೆಯ ಹೆಂಗಸರ ಕೈ ನೋಡಬೇಕು. ಯಂತ್ರಗಳು ಬಂದಿವೆ, ನಿಜ. ಆದರೂ ಮೆಟ್ಟುಗತ್ತಿಯ ಮುಂದೆ ಕೂತು ಹಸಿ ಅಡಿಕೆ ಸುಲಿಯುವವರ ಬೆರಳು ಕಪ್ಪಾಗಿ, ಬಿರುಕುಬಿಟ್ಟು, ಉಪ್ಪು ಮುಟ್ಟಿದರೆ ಉರಿಯುತ್ತವೆ. ಇವರಿಗಾಗಿ ಅಂಗಡಿಯಲ್ಲಿ ನೇತಾಡುವುದೇನು? ಮುಖಕ್ಕೆ ಹಚ್ಚುವ ಕ್ರೀಮಿನ ಪೊಟ್ಟಣ! 1975ರಲ್ಲಿ ಬಂದ 'ಫೇರ್ ಅಂಡ್ ಲವ್ಲಿ' 2020ರಲ್ಲಿ 'ಗ್ಲೋ ಅಂಡ್ ಲವ್ಲಿ' ಆಯಿತು. ಹೆಸರು ಬದಲಾದರೆ ಒಡೆದ ಬೆರಳು ಕೂಡೀತೆ?

ಚರ್ಮ ಎರಡು ಬಗೆಯಲ್ಲಿ ಬಡವಾಗುತ್ತದೆ: ಜಿಡ್ಡು ಸಾಲದೆ ಒಂದು, ನೀರು ಆರಿಹೋಗಿ ಇನ್ನೊಂದು. ಮೇಲ್ಪದರದ ಜಿಡ್ಡು ಒಳಗಿನ ನೀರಿಗೆ ಏರಿ ಇದ್ದಹಾಗೆ. ಸೂಳೆಕೆರೆ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸುಡುನೀರು, ಬಟ್ಟೆಸೋಪು, ದಿನವಿಡೀ ಹಸಿಸಿಪ್ಪೆಯ ತಿಕ್ಕಾಟ ಆ ಏರಿಯನ್ನು ಕೊರೆಯುತ್ತವೆ. ಆಮೇಲೆ ಚೊಂಬುಗಟ್ಟಲೆ ನೀರು ಕುಡಿದರಷ್ಟೇ ಸಾಲದು.

ಉಪಾಯ ದುಬಾರಿಯಲ್ಲ. ಉಗುರುಬೆಚ್ಚಗಿನ ನೀರು, ಮಿತವಾಗಿ ಸೋಪು. ಒರೆಸಿದ ಕೈಯಲ್ಲಿ ತೇವವಿರುವಾಗಲೇ ವ್ಯಾಸಲೀನು. ಅದು 1872ರಲ್ಲೇ ಪೇಟೆಂಟ್ ಪಡೆದ ಹಳೆಯ ಸರಕು.

ಆದರೆ ಉಪದೇಶವನ್ನು ಕೂಲಿಯವಳಿಗೆ ಮಾಡಿ ತೋಟದ ಯಜಮಾನರು ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ಬೆಳಗಾದರೆ ಕ್ವಿಂಟಾಲಿನ ಧಾರಣೆ ನೋಡುವವರಿಗೆ ಒಂದು ಜೊತೆ ಕೈಗವಸು, ಒಂದು ಡಬ್ಬಿ ವ್ಯಾಸಲೀನು ಭಾರವೇ? ಬಿರುಕು ಕೀವಾದರೆ, ಸಕ್ಕರೆ ಕಾಯಿಲೆಯವಳ ಹಿಮ್ಮಡಿ ಒಡೆದರೆ, ವೈದ್ಯರಲ್ಲಿಗೆ ಹೋಗಿಬರಲು ಕೂಲಿ ಹಿಡಿಯದ ಅರ್ಧ ದಿನವನ್ನಾದರೂ ಕೊಡಿ. ಸುಗ್ಗಿಯ ಖರ್ಚಿನ ಪಟ್ಟಿಯಲ್ಲಿ ಗೋಣಿಚೀಲಕ್ಕೆ ಸಿಗುವ ಸಾಲು ಈ ಕೈಗಳಿಗೂ ಸಿಗಲಿ.