ಬ್ಯಾಟರಿಯ ಅಂಕಿ ನೋಡಿ ಮೋಸಹೋಗಬ್ಯಾಡ್ರಿ

‘ಆಸಿಡ್ ಬ್ಯಾಟರಿ 150 ಎಎಚ್, ಲಿಥಿಯಂ ಬರೇ 100. ದೊಡ್ಡದನ್ನೇ ತಗೋರಿ, ಅಗ್ಗ’ ಅಂತಾರ ಸೋಲಾರ್ ಮಾರೋರು. ನಾನು ಒಪ್ಪೋದಿಲ್ಲ. 12 ವೋಲ್ಟಿನ 150 ಎಎಚ್ ಅಂದ್ರ 1,800 ವ್ಯಾಟ್-ಅವರ್. ಆದರ ದಿನಾ ಅರ್ಧಕ್ಕಿಂತ ಕೆಳಗ ಇಳಿಸಿದರ ಆಸಿಡ್ ಬ್ಯಾಟರಿಯ ಆಯುಷ್ಯ ಕುಂದತದ. ಕೈಗೆ ಹತ್ತೋದು 900. ಲಿಥಿಯಂ ಐರನ್ ಫಾಸ್ಫೇಟಿನ 12.8 ವೋಲ್ಟಿನ 100 ಎಎಚ್ ಬ್ಯಾಟರಿಯೊಳಗ 1,280. ಅದರಾಗ ನೂರಕ್ಕೆ 80 ಬಳಸಿದರೂ 1,024. ಈಗ ಹೇಳ್ರಿ, ದೊಡ್ಡದು ಯಾವುದು?

ಗಟ್ಟಿನ ಬ್ಯಾಸಗಿಗೆ ಆಸಿಡ್ ಬ್ಯಾಟರಿ ಬೇಗ ಸಾಯ್ತದ. ಡಿಸ್ಟಿಲ್ಡ್ ನೀರು ಬಿಟ್ಟು ಬೋರಿನ ನೀರು ಹಾಕಿದರಂತೂ ಮುಗೀತು. ರೊಕ್ಕ ಸಾಲದವರು ಟ್ಯೂಬುಲರ್ ತಗೊಂಡರ ತಪ್ಪಲ್ಲ. ಟ್ರ್ಯಾಕ್ಟರಿನ ಬ್ಯಾಟರಿಯನ್ನ ಮಾತ್ರ ಸೋಲಾರಿಗೆ ಕಟ್ಟಬ್ಯಾಡ್ರಿ, ಅದು ಎಂಜಿನ್ ಎಬ್ಬಿಸಲಿಕ್ಕೆ ಮಾಡಿದ್ದು. ಲಿಥಿಯಂ ಕೊಳ್ಳೋರು ಮನೆಯ ಇನ್ವರ್ಟರ್ ಅದಕ್ಕ ಹೊಂದತದೇನು ಅಂತ ಮೊದಲು ಕೇಳ್ರಿ.