‘ಬಾಧಿತ ವ್ಯಕ್ತಿ’ ಅಂದರೆ ನಮ್ಮಲ್ಲಿ ಯಾರು?

ಸ್ವಸಹಾಯ ಸಂಘಗಳ ತರಬೇತಿ ಈಗ ಫೋನಿನೊಳಗೂ ಬಂದು ಕೂತಿದೆ. 2020ರಲ್ಲಿ ಕೊರೊನಾ ಬಂದು ಸಭೆಗಳು ನಿಂತಾಗ ಹಿಡಿದ ದಾರಿ ಆಮೇಲೂ ಬಿಡಲಿಲ್ಲ. ಉಳಿತಾಯದ ಲೆಕ್ಕ, ಸಾಲದ ಪುಸ್ತಕ, ಹಸು ಸಾಕಣೆ ಎಲ್ಲ ಆಯಿತು. ವರದಕ್ಷಿಣೆ, ಮನೆಯೊಳಗಿನ ದೌರ್ಜನ್ಯದ ಪಾಠಗಳೂ ಬಂದಿವೆ. ಆರೇಳು ನಿಮಿಷದ ವಿಡಿಯೊ, ಕೊನೆಗೆ ನಾಲ್ಕು ಪ್ರಶ್ನೆ, ಸರಿಯುತ್ತರ ಒತ್ತಿದರೆ ಪ್ರಮಾಣಪತ್ರ. ಈ ಪಾಠಗಳಲ್ಲಿ ಆಡುವ ಮಾತನ್ನು ಮೊದಲೇ ಬರೆದಿಟ್ಟುಕೊಳ್ಳುತ್ತಾರೆ, ಸ್ಕ್ರಿಪ್ಟ್ ಎನ್ನುತ್ತಾರೆ. ನಾನು ನಿವೃತ್ತಳಾದ ಮೇಲೆ ಅಂಥವನ್ನು ತಿದ್ದಿಕೊಡಿ ಎಂದು ಕೆಲವರು ತರುತ್ತಾರೆ. ಕಾಲೇಜಿನಲ್ಲಿ ಕನ್ನಡ ಕಲಿಸಿದವಳು ಕಾಗುಣಿತವನ್ನಾದರೂ ನೋಡಿಯಾಳು ಎಂಬ ನಂಬಿಕೆ. ಕಾಗುಣಿತ ಸರಿಯಾಗಿಯೇ ಇರುತ್ತದೆ. ಕೆಟ್ಟಿರುವುದು ಬೇರೆ.

ಒಂದು ವಾಕ್ಯ ನೋಡಿ: ‘ಬಾಧಿತ ವ್ಯಕ್ತಿಯು ತನ್ನ ಮೇಲಾದ ಕೌಟುಂಬಿಕ ಹಿಂಸೆಯ ಕುರಿತು ಸಂರಕ್ಷಣಾಧಿಕಾರಿಗೆ ಮಾಹಿತಿ ನೀಡಬಹುದಾಗಿರುತ್ತದೆ.’ ರಾಮನಗರದ ಬಿಚ್ಚಾಣಿಕೆ ಮನೆಯಲ್ಲಿ ಬಿಸಿನೀರಿಗೆ ಕೈಯಿಟ್ಟು ಗೂಡಿನ ಎಳೆ ಹಿಡಿಯುವವಳು, ಚನ್ನಪಟ್ಟಣದಲ್ಲಿ ಗೊಂಬೆಗೆ ಅರಗಿನ ಬಣ್ಣ ಕೊಡುವವಳು, ಮಾಗಡಿ ಕಡೆಯ ಹೊಲದಲ್ಲಿ ರಾಗಿ ಪೈರಿನ ಕಳೆ ಕೀಳುವವಳು, ಇವರಲ್ಲಿ ಯಾರು ತನ್ನನ್ನು ‘ಬಾಧಿತ ವ್ಯಕ್ತಿ’ ಎಂದು ಕರೆದುಕೊಂಡಾಳು? ಅವಳು ಹೇಳುವುದು ‘ಮನೇಲಿ ಸರಿಹೋಗ್ತಿಲ್ಲ ಕಣಕ್ಕ’ ಎಂದು. ಇಲ್ಲವೇ ‘ಅವರಿಗೆ ಕೋಪ ಜಾಸ್ತಿ’, ‘ಕುಡಿದಾಗ ಮಾತ್ರ’. ಅವಳ ಬಾಯಿಯ ಈ ಮಾತಿಗೂ ಕಾನೂನಿನ ಆ ಮಾತಿಗೂ ನಡುವೆ ಸೇತುವೆ ಕಟ್ಟುವುದಲ್ಲದೆ ಪಾಠ ಬರೆಯುವವರಿಗೆ ಬೇರೆ ಯಾವ ಕೆಲಸವಿದೆ?

ಆಡುಮಾತಿನಲ್ಲಿ ಬರೆಯಿರಿ ಎಂದರೆ ಮತ್ತೊಂದು ತುದಿಗೆ ಹೋಗುತ್ತಾರೆ. ‘ಹಾಯ್ ಗೆಳತಿಯರೇ! ಇವತ್ತು ಒಂದು ಸೂಪರ್ ವಿಷಯ ಕಲಿಯೋಣ್ವಾ?’ ವಿಷಯ ಯಾವುದೆಂದು ಪುಟ ತಿರುಗಿಸಿದರೆ, ವರದಕ್ಷಿಣೆ ಸಾವು.

ಎದುರಿಗಿರುವವರ ಜೊತೆ ಮಾತಾಡುತ್ತಾ ಹೇಳುವ ವಿದ್ಯೆ ನಮ್ಮ ಹೆಣ್ಣುಮಕ್ಕಳಿಗೆ ಹೊಸದಲ್ಲ. ಬೀಸುವ ಹಾಡಿನಲ್ಲಿ ಅವಳು ರಾಗಿಕಲ್ಲನ್ನೇ ಕೂರಿಸಿಕೊಂಡು ಮಾತಾಡಿಸುತ್ತಾಳೆ, ತವರಿನ ಅಣ್ಣನನ್ನು ಕರೆಯುತ್ತಾಳೆ, ಅತ್ತೆಗೆ ನೇರವಾಗಿ ಆಡಲಾಗದ್ದನ್ನು ಕಲ್ಲಿನ ಕಿವಿಗೆ ಹಾಕುತ್ತಾಳೆ. ಮೂರೇ ಸಾಲು, ನೋವು ಒಂದೇ, ಹತ್ತಲ್ಲ. ಎಚ್.ಎಲ್. ನಾಗೇಗೌಡರು 1994ರಲ್ಲಿ ಕಟ್ಟಿದ ಜಾನಪದ ಲೋಕ ರಾಮನಗರದ ಹೆದ್ದಾರಿಯ ಪಕ್ಕದಲ್ಲೇ ಇದೆ. ಬೆಂಗಳೂರಿನಿಂದ ಪಾಠ ಬರೆದು ಕಳಿಸುವವರು ಒಂದು ದಿನ ಅಲ್ಲಿ ಇಳಿಯಬಹುದಿತ್ತು.

ವರದಕ್ಷಿಣೆಯ ಪಾಠವನ್ನೇ ತೆಗೆದುಕೊಳ್ಳಿ. ‘ನಿಮ್ಮ ಮನೆಯಲ್ಲಿ ವರದಕ್ಷಿಣೆ ಕೊಟ್ಟಿದ್ದೀರಾ?’ ಎಂದು ಕೇಳಿದರೆ ಉತ್ತರ ಗೊತ್ತೇ ಇದೆ, ಇಲ್ಲ. ನಮ್ಮಲ್ಲಿ ಅದರ ಹೆಸರು ವರೋಪಚಾರ. ನಾನು ಆ ಪ್ರಶ್ನೆ ತೆಗೆದು ಹೀಗೆ ಬರೆದುಕೊಟ್ಟೆ:

‘ಮಗಳ ಮದುವೇಲಿ ವರದಕ್ಷಿಣೆ ಕೊಟ್ರಾ ಅಕ್ಕ?’
‘ಇಲ್ಲಮ್ಮ, ನಾವು ಅಂಥೋರಲ್ಲ.’
‘ಹುಡುಗನ ಕೊರಳಲ್ಲಿ ಚೈನು?’
‘ಅದು ಉಪಚಾರ.’
‘ಬೈಕು?’
‘ಬಾಯಿಬಿಟ್ಟು ಕೇಳಿದ್ರು. ಇಲ್ಲ ಅನ್ನಕ್ಕಾಯ್ತದಾ?’
‘ದುಡ್ಡು?’
‘ಸಂಘದಲ್ಲಿ ಎತ್ತಿದ್ದು.’

ಇಲ್ಲಿ ನಾಲ್ಕು ಸೆಕೆಂಡು ಯಾರೂ ಮಾತಾಡಬಾರದು ಎಂದೂ ಬರೆದೆ. ಕೇಳುವವಳು ತನ್ನ ಮನೆಯ ಲೆಕ್ಕ ಹಾಕಿಕೊಳ್ಳಲು ಅಷ್ಟಾದರೂ ಹೊತ್ತು ಬೇಡವೇ? ಆಮೇಲೆ ಕಾನೂನು ಬರಲಿ. 1961ರ ಕಾಯ್ದೆಯ ಪ್ರಕಾರ ಮದುವೆಯ ಮುಂಚೆ, ಮದುವೆಯಲ್ಲಿ, ಮದುವೆಯ ನಂತರ, ಆ ಮದುವೆಯ ಸಂಬಂಧವಾಗಿ ಕೊಟ್ಟದ್ದೂ ಕೊಡುತ್ತೇವೆಂದು ಒಪ್ಪಿದ್ದೂ ವರದಕ್ಷಿಣೆಯೇ, ಹೆಸರು ಏನಾದರೂ ಇರಲಿ. ಕೇಳದೆ ಕೊಟ್ಟ ಉಡುಗೊರೆಗೆ ಪಟ್ಟಿ ಬರೆದು ಹೆಣ್ಣು ಗಂಡು ಸಹಿ ಹಾಕಬೇಕು. ಕೊಟ್ಟವರದೂ ತಪ್ಪು ಎಂದು ಕಾಯ್ದೆ ಹೇಳುವುದರಿಂದ ‘ದೂರು ಕೊಟ್ಟರೆ ನಮ್ಮನ್ನೇ ಒಳಗೆ ಹಾಕ್ತಾರೆ’ ಎಂದು ಹೆದರಿ ಬಾಯಿ ಮುಚ್ಚಿಕೊಂಡವರು ಎಷ್ಟೋ ಮಂದಿ. ನೊಂದವಳು ಕೊಟ್ಟ ಹೇಳಿಕೆಯನ್ನೇ ಹಿಡಿದು ಆ ಕಾಯ್ದೆಯಡಿ ಅವಳ ಮೇಲೆ ಮೊಕದ್ದಮೆ ಹೂಡುವಂತಿಲ್ಲ ಎಂದು ಅದೇ ಕಾಯ್ದೆಯ 7ನೇ ಕಲಮು ಹೇಳುತ್ತದೆ. ನನ್ನ ಕೈಗೆ ಬಂದ ಯಾವ ಪಾಠದಲ್ಲೂ ಈ ಮಾತು ಇರಲಿಲ್ಲ.

ಭಾಷೆಗಿಂತ ದೊಡ್ಡ ಸಂಗತಿ ಇನ್ನೊಂದಿದೆ. ಈ ಪಾಠವನ್ನು ಯಾರ ಫೋನಿನಲ್ಲಿ, ಎಲ್ಲಿ ಕೂತು, ಯಾರ ಎದುರಿಗೆ ಕೇಳುತ್ತಾರೆ? 1975-76ರಲ್ಲಿ ಉಪಗ್ರಹದ ಮೂಲಕ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳಿಗೆ ಕನ್ನಡ ಕಾರ್ಯಕ್ರಮ ತೋರಿಸಿದಾಗ ಊರಿಗೊಂದು ಟಿ.ವಿ., ಜನ ಗುಂಪಾಗಿ ಕೂತು ನೋಡಿದರು. ಫೋನು ಹಾಗಲ್ಲ. ಅದು ಒಬ್ಬಳ ಕೈಯಲ್ಲಿರುವಂತೆ ಕಾಣುತ್ತದೆ, ಆದರೆ ಎಷ್ಟೋ ಮನೆಗಳಲ್ಲಿ ಅದು ಗಂಡನದು, ಇಲ್ಲ ಮಗನದು. ಒಂದೇ ಕೋಣೆಯ ಮನೆಯಲ್ಲಿ ಅದರ ಸದ್ದು ಎಲ್ಲರಿಗೂ ಕೇಳುತ್ತದೆ.

ಕನಕಪುರ ತಾಲ್ಲೂಕಿನ ಒಂದು ಸಂಘದ ಹೆಣ್ಣುಮಗಳು ಮೂರನೇ ಪಾಠಕ್ಕೆ ನಿಲ್ಲಿಸಿಬಿಟ್ಟಳು. ತರಬೇತಿ ನಡೆಸುವವರ ಪಟ್ಟಿಯಲ್ಲಿ ‘ಆಸಕ್ತಿ ಇಲ್ಲ, ಅಪೂರ್ಣ’ ಎಂದು ದಾಖಲಾಯಿತು. ನಡೆದದ್ದು ಬೇರೆ. ರಾತ್ರಿ ಊಟದ ಹೊತ್ತಿಗೆ ಫೋನಿನ ಮೇಲೆ ‘ಕೌಟುಂಬಿಕ ಹಿಂಸೆ: ನಿಮ್ಮ 3ನೇ ಪಾಠ ಬಾಕಿ ಇದೆ’ ಎಂದು ಅಕ್ಷರ ಮೂಡಿದೆ. ಓದಿದವನು ಗಂಡ. ‘ಯಾರ ಮೇಲೆ ಕಲೀತಿದ್ದೀಯ ಇದನ್ನ?’ ಎಂದು ಕೇಳಿದನಂತೆ. ಅದರ ಮುಂದಿನದನ್ನು ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ. ಆ ಒಂದು ಸಾಲನ್ನು ಬರೆದವರು ಕೆಟ್ಟವರಲ್ಲ. ಕೇಳುವವಳ ಪಕ್ಕದಲ್ಲಿ ಇನ್ನೊಬ್ಬ ಕೂತಿದ್ದಾನೆ ಎಂಬುದು ಅವರ ಮೇಜಿನಿಂದ ಕಾಣಲಿಲ್ಲ, ಅಷ್ಟೆ. ಆದರೆ ಈ ವಿಷಯದ ಮೇಲೆ ಬರೆಯುವವರಿಗೆ ಅದು ಕಾಣಲೇಬೇಕು.

ಆದ್ದರಿಂದ ನಾನು ಹೇಳುವುದು ಇಷ್ಟು. ಪಾಠದ ಹೆಸರು, ನೆನಪೋಲೆ, ಮೊದಲ ಒಂದು ನಿಮಿಷದ ಮಾತು ಅತ್ತೆಯ ಮುಂದೆ ಕೇಳಿದರೂ ಅಪಾಯವಾಗದಂತಿರಲಿ. ‘ಮನೆಯ ಲೆಕ್ಕ’ ಎಂದೋ ‘ಆರೋಗ್ಯ’ ಎಂದೋ ಹೆಸರಿಡಿ. ‘ಈಗ ಹತ್ತಿರ ಯಾರಾದರೂ ಇದ್ದರೆ ಆಮೇಲೆ ಕೇಳಿ’ ಎಂಬ ಮಾತೂ ಬೇಡ, ಅದೇ ಅನುಮಾನ ಹುಟ್ಟಿಸುತ್ತದೆ. ಎಲ್ಲಕ್ಕಿಂತ ಒಳ್ಳೆಯದು, ವಾರದ ಸಭೆಯಲ್ಲಿ ಉಳಿತಾಯ ಎಣಿಸಿದ ಮೇಲೆ ಒಬ್ಬರ ಫೋನಿನಲ್ಲಿ ಎಲ್ಲರೂ ಒಟ್ಟಿಗೆ ಕೇಳುವುದು. ಪ್ರಮಾಣಪತ್ರವನ್ನು ಒಬ್ಬೊಬ್ಬರಿಗೆ ಕಳಿಸುವ ಬದಲು ಸಂಘಕ್ಕೊಂದು ಕೊಡಲಿ.

ಕೊನೆಯ ಪ್ರಶ್ನೆಗಳ ಬಗ್ಗೆಯೂ ನನಗೆ ತಕರಾರಿದೆ. ‘ಕ್ರೌರ್ಯಕ್ಕೆ ಸಂಬಂಧಿಸಿದ ಕಲಂ ಯಾವುದು?’ 498ಎ ಎಂದು ಒತ್ತಿದರೆ ಹಸಿರು ದೀಪ. 2024ರ ಜುಲೈ 1ರಿಂದ ಹೊಸ ನ್ಯಾಯ ಸಂಹಿತೆ ಬಂದು ಅದು 85 ಆಗಿದೆ, ಪಾಠದಲ್ಲಿ ಹಳೆಯದೇ ಇದೆ. ಹೋಗಲಿ, ಬೆನ್ನ ಮೇಲೆ ಏಟು ಬಿದ್ದಿರುವಾಗ ಅವಳಿಗೆ ಬೇಕಾದದ್ದು ಆ ಸಂಖ್ಯೆಯೇ? 181 ಮತ್ತು 112 ಬೇಕು. ಸಂರಕ್ಷಣಾಧಿಕಾರಿ ಎಂದರೆ ತಾಲ್ಲೂಕಿನ ಸಿಡಿಪಿಒ, ಅಂದರೆ ಅಂಗನವಾಡಿ ಟೀಚರಿಗೆ ಗೊತ್ತಿರುವ ಅದೇ ಮೇಡಂ ಎಂಬುದು ಬೇಕು. 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿರುವ ಕಾಯ್ದೆಯಲ್ಲಿ ಹೊಡೆತವಷ್ಟೇ ಅಲ್ಲ, ಅವಳ ದುಡ್ಡು ಕಿತ್ತುಕೊಳ್ಳುವುದೂ ಹಿಂಸೆ. ಅರ್ಜಿ ಕೊಟ್ಟರೆ ಸಾಮಾನ್ಯವಾಗಿ ಮೂರು ದಿನದೊಳಗೆ ಮೊದಲ ವಿಚಾರಣೆಯ ದಿನ ಗೊತ್ತುಮಾಡಬೇಕು. ‘ಮನೆ ಮಾವನ ಹೆಸರಲ್ಲಿದೆ, ಆಚೆ ಹೋಗು’ ಎನ್ನುವ ಅತ್ತೆಗೆ ಉತ್ತರವೂ ಇದೆ. ಸಂಸಾರ ಮಾಡಿದ ಮನೆ ಗಂಡನ ಮನೆಯವರ ಹೆಸರಿನಲ್ಲಿದ್ದರೂ ಅದರಲ್ಲಿರುವ ಹಕ್ಕನ್ನು ಅವಳು ಕೇಳಬಹುದು ಎಂದು ಸುಪ್ರೀಂ ಕೋರ್ಟು 2020ರಲ್ಲಿ ಹೇಳಿದೆ. ‘ಇವತ್ತು ರಾತ್ರಿ ಪಕ್ಕದ ಮನೆಯವಳು ನಿಮ್ಮ ಬಾಗಿಲು ಬಡಿದರೆ ಮೊದಲು ಏನು ಮಾಡುತ್ತೀರಿ?’ ಎಂದು ಕೇಳಲಿ. ಅದಕ್ಕೆ ನಾಲ್ಕು ಉತ್ತರಗಳಲ್ಲಿ ಒಂದನ್ನು ಒತ್ತಲಾಗುವುದಿಲ್ಲ, ಕೂತು ಮಾತಾಡಬೇಕಾಗುತ್ತದೆ.

ಬರೆದ ಪಾಠವನ್ನು ಧ್ವನಿಮುದ್ರಣಕ್ಕೆ ಮುಂಚೆ ಯಾವುದಾದರೂ ಸಂಘದ ಮುಂದೆ ಜೋರಾಗಿ ಓದಿ ಎಂದು ಬರೆಯುವವರಿಗೆ ಹೇಳಿದ್ದೇನೆ. ಎಲ್ಲಿ ನಗುತ್ತಾರೆ, ಎಲ್ಲಿ ಸೆರಗು ಬಾಯಿಗೆ ಹೋಗುತ್ತದೆ, ಎಲ್ಲಿ ಆಕಳಿಕೆ ಬರುತ್ತದೆ, ಗುರುತು ಹಾಕಿಕೊಳ್ಳಲಿ. ಹಾಗೆ ತಿದ್ದಿಕೊಟ್ಟ ಹೆಂಗಸರಿಗೆ ಟೀ ಬಿಸ್ಕತ್ತು ಕೊಟ್ಟು ಕಳಿಸುವುದಲ್ಲ. ಬರೆದವರಿಗೆ ಸಂಭಾವನೆ ಇದೆಯಲ್ಲ, ಅರ್ಧ ದಿನದ ಕೂಲಿ ಬಿಟ್ಟು ಕೂತ ಇವರಿಗೂ ಅದರಲ್ಲಿ ಪಾಲಿರಲಿ. ಈ ಮಾತಿಗೆ ಮಾತ್ರ ಇನ್ನೂ ಯಾರೂ ಹೂಂ ಅಂದಿಲ್ಲ.