ಗಣಕದೊಳಗಣ ಗ್ರಾಮ

ತೇರಣಾ ನದಿಯು ಮಾಂಜ್ರೆಯನ್ನು ಕೂಡುವ ಸಂಗಮಕ್ಕೆ ಸನಿಹದಲ್ಲಿರುವ, ಲಾತೂರು ಜಿಲ್ಲೆಯ ಔರಾದ ಶಹಾಜನಿಯ ಸೀಮೆಗೆ, ಎರಡು ಹೊಳೆಗಳ ಮಗ್ಗುಲಲ್ಲಿ ಬಾಳುತ್ತಲೇ ನೀರಿಗಾಗಿ ಪರಿತಪಿಸುವುದು ಹೊಸ ಅನುಭವವಲ್ಲ. 2016ರ ಮಾರ್ಚ್ ತಿಂಗಳಲ್ಲಿ ಲಾತೂರಿನ ಜಲಸ್ಥಾನಗಳ ಸುತ್ತ ಜನರು ಗುಂಪುಗೂಡದಂತೆ ನಿಷೇಧಾಜ್ಞೆ ಹೊರಟಿತು. ಏಪ್ರಿಲ್ 12ರಂದು, ಸುಮಾರು 340 ಕಿ.ಮೀ. ದೂರದ ಮಿರಜಿನಿಂದ ಹತ್ತು ವ್ಯಾಗನ್ನುಗಳ ರೈಲು ಐದು ಲಕ್ಷ ಲೀಟರ್ ನೀರನ್ನು ಹೊತ್ತು ಆ ನಗರಕ್ಕೆ ಬಂದಿತು. ಮಳೆ ಹೋಯಿತೆಂಬುದು ಸತ್ಯವೇ. ಆದರೆ ವರ್ಷಕ್ಕೆ ಹೆಚ್ಚುಕಡಿಮೆ 800 ಮಿ.ಮೀ. ಮಳೆ ಕಾಣುವ ನೆಲದಲ್ಲಿ, 1,500ರಿಂದ 2,500 ಮಿ.ಮೀ.ವರೆಗೆ ನೀರನ್ನು ಬೇಡುವ ಕಬ್ಬನ್ನು ಹಬ್ಬಿಸಿದವರು ನಾವೇ ಎಂಬುದೂ ಅಷ್ಟೇ ಸತ್ಯ. ಕಾರ್ಖಾನೆಯ ನಿಶ್ಚಿತ ದರವನ್ನು ನೆಚ್ಚಿ ಕಬ್ಬು ಹಾಕಿದ ಒಕ್ಕಲಿಗನಲ್ಲಿ ದೋಷವಿಲ್ಲ. ನೆರೆಯವನ ಬೋರು ತನ್ನದಕ್ಕಿಂತ ಆಳಕ್ಕಿಳಿದುದನ್ನು ಕಂಡು ತಾನೂ ಇನ್ನಷ್ಟು ಕೊರೆಯಿಸಿದವನಲ್ಲಿಯೂ ದುರುದ್ದೇಶವಿಲ್ಲ. ಆದರೂ ಬಿಡಿಬಿಡಿಯಾಗಿ ವಿವೇಕಯುತವಾದ ಇಂತಹ ನಿರ್ಣಯಗಳು ಒಟ್ಟುಗೂಡಿದಾಗ ಊರಿನ ಜಲವೇ ಬತ್ತಿಹೋಗುತ್ತದೆ.

ವ್ಯಕ್ತಿಯ ನಡೆಯಿಂದ ಸಮಷ್ಟಿಯ ಗತಿ ಹೇಗೆ ಉದ್ಭವಿಸುತ್ತದೆಂಬುದನ್ನು ಪರೀಕ್ಷಿಸುವ ವಿದ್ಯೆಯೊಂದುಂಟು. ಏಜೆಂಟ್ ಆಧಾರಿತ ಮಾದರಿ ಎಂದು ಕರೆಯಲ್ಪಡುವ ಈ ಕ್ರಮದಲ್ಲಿ ಗಣಕದೊಳಗೆ ನೂರಾರು ಕಲ್ಪಿತ ವ್ಯಕ್ತಿಗಳನ್ನು ನಿರ್ಮಿಸಿ, ಪ್ರತಿಯೊಬ್ಬನಿಗೂ ಕೆಲವೇ ಸರಳ ನಿಯಮಗಳನ್ನು ವಿಧಿಸಿ, ಕಾಲವನ್ನು ಮುಂದೆ ನಡೆಯಿಸಿ, ಫಲವನ್ನು ನೋಡಲಾಗುತ್ತದೆ. 1971ರಲ್ಲಿ ಥಾಮಸ್ ಶೆಲ್ಲಿಂಗ್ ಎಂಬ ಅರ್ಥಶಾಸ್ತ್ರಜ್ಞರು, ನೆರೆಹೊರೆಯಲ್ಲಿ ತನ್ನವರು ಒಂದಿಷ್ಟು ಮಂದಿ ಇದ್ದರೆ ಸಾಕೆಂಬ ಸೌಮ್ಯ ಅಪೇಕ್ಷೆಯೂ ಇಡೀ ಪಟ್ಟಣವನ್ನು ಕೇರಿಕೇರಿಯಾಗಿ ಸೀಳಬಲ್ಲುದೆಂದು ಇದೇ ಬಗೆಯ ಮಾದರಿಯಿಂದ ತೋರಿದರು. 2020ರ ಕೋವಿಡ್ ಕಾಲದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರೂ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರೂ ಜೊತೆಗೂಡಿ, ಆ ಎರಡು ನಗರಗಳ ಮನೆ, ಶಾಲೆ, ಕಚೇರಿಗಳನ್ನು ಗಣಕದಲ್ಲಿ ಪುನಃ ಸೃಜಿಸಿ, ಯಾವ ನಿರ್ಬಂಧದಿಂದ ಸೋಂಕು ಎಷ್ಟು ಕುಗ್ಗೀತೆಂದು ಪರಿಶೀಲಿಸಿದರು. ಇದಕ್ಕೆ ಮಹಾಯಂತ್ರಗಳೇ ಬೇಕೆಂದಿಲ್ಲ. ಯೂರಿ ವಿಲೆನ್ಸ್ಕಿಯವರು 1999ರಲ್ಲಿ ಹೊರತಂದ ನೆಟ್‌ಲೋಗೊ ಉಚಿತವಾಗಿ ದೊರೆಯುತ್ತದೆ, ಕಾಲೇಜಿನ ಸಾಧಾರಣ ಗಣಕದಲ್ಲಿ ನಡೆಯುತ್ತದೆ.

ನಿಲಂಗಾ, ಉದಗೀರ, ಉಮರ್ಗಾಗಳ ಕಾಲೇಜುಗಳಲ್ಲಿ ವಿಜ್ಞಾನ, ಅರ್ಥಶಾಸ್ತ್ರ, ಭೂಗೋಳಗಳನ್ನು ಓದುವ ವಿದ್ಯಾರ್ಥಿಗಳ ಸಮೂಹ ಯೋಜನೆಗೆ, ನಮ್ಮ ಊರುಗಳ ನೀರಿನ ಕಥೆಯನ್ನು ಹೀಗೆ ಗಣಕದಲ್ಲಿ ಕಟ್ಟುವುದಕ್ಕಿಂತ ಯೋಗ್ಯವಾದ ವಿಷಯವನ್ನು ನಾನು ಕಾಣೆ. ಲಾತೂರ್ ಪ್ಯಾಟರ್ನ್ ಎಂದು ದೇಶದಲ್ಲೆಲ್ಲ ಪ್ರಖ್ಯಾತವಾದ ಶಿಕ್ಷಣಕ್ರಮವು ಪ್ರವೇಶಪರೀಕ್ಷೆಗಳಲ್ಲಿ ಅಸಂಖ್ಯ ಮಕ್ಕಳನ್ನು ಗೆಲ್ಲಿಸಿದೆ, ಬಡಮನೆಗಳಿಗೆ ವೈದ್ಯರನ್ನು ಕೊಟ್ಟಿದೆ. ಅದನ್ನು ಹಳಿಯುವುದು ಕೃತಘ್ನತೆಯಾದೀತು. ಆದರೆ ಅಲ್ಲಿ ಪ್ರತಿ ಪ್ರಶ್ನೆಗೂ ಉತ್ತರ ಮೊದಲೇ ನಿಶ್ಚಿತವಾಗಿದೆ, ಪ್ರತಿ ವಿದ್ಯಾರ್ಥಿಯೂ ಏಕಾಕಿಯಾಗಿದ್ದಾನೆ. ಮಾದರಿ ಕಟ್ಟುವಲ್ಲಿ ಹಾಗಲ್ಲ: ಬೋರು ಬತ್ತಿದ ರೈತನು ಮೊದಲು ಏನು ಮಾಡುತ್ತಾನೆ? ಸಾಲ ತಂದು ಮತ್ತೆ ಕೊರೆಯಿಸುವನೋ, ಎತ್ತು ಮಾರುವನೋ, ಕಬ್ಬು ಬಿಟ್ಟು ತೊಗರಿ ಸೋಯಾಗಳಿಗೆ ಹೊರಳುವನೋ, ಪುಣೆಗೆ ಗುಳೆ ಹೋಗುವನೋ? ಐವರು ವಿದ್ಯಾರ್ಥಿಗಳು ಕೂಡಿ ಕುಳಿತರೆ ಈ ಒಂದು ನಿಯಮದ ಮೇಲೆಯೇ ಐದು ಅಭಿಪ್ರಾಯಗಳು ಹುಟ್ಟುತ್ತವೆ. ಹೊಲವಿದ್ದ ಮನೆಯಿಂದ ಬಂದವನು ಹೇಳುವುದೊಂದು, ಕಬ್ಬು ಕಡಿಯಲು ಹೋಗುವ ಕೂಲಿಯ ಮನೆಯಿಂದ ಬಂದವಳು ಬಲ್ಲುದು ಇನ್ನೊಂದು. ಈ ವಾದವನ್ನು ತೀರಿಸಲು ಪುಸ್ತಕ ಸಾಲದೆ ಅವರು ಹಳ್ಳಿಗೆ ನಡೆದು ಕೇಳಬೇಕಾಗುತ್ತದೆ. ನನ್ನ ದೃಷ್ಟಿಯಲ್ಲಿ ವಿದ್ಯೆಯ ಸಾರಸರ್ವಸ್ವ ಅಲ್ಲಿಯೇ ಇದೆ; ಪರದೆಯ ಮೇಲೆ ಚಲಿಸುವ ಬಣ್ಣದ ಚುಕ್ಕೆಗಳು ತರುವಾಯದ ಮಾತು.

ಆದುದರಿಂದಲೇ ಹಣ ಕೊಟ್ಟು ಕೊಂಡ ಸಿದ್ಧ ಯೋಜನೆಗಳೂ, ಒಬ್ಬನು ದುಡಿದು ನಾಲ್ವರು ಸಹಿ ಹಾಕುವ ವರದಿಗಳೂ ನನ್ನನ್ನು ವ್ಯಥೆಗೊಳಿಸುತ್ತವೆ. ಚಿತ್ರದ ಅಂದಕ್ಕೆ ಅಂಕ ಕೊಡುವುದನ್ನು ಬಿಟ್ಟು, ಈ ನಿಯಮವನ್ನು ಯಾರ ಮಾತಿನ ಆಧಾರದಿಂದ ಬರೆದಿರಿ, ಅದನ್ನು ಬದಲಿಸಿದರೆ ಫಲ ಹೇಗೆ ಬದಲಾಯಿತು, ನಿಮ್ಮೊಳಗೆ ಯಾರು ಒಪ್ಪಲಿಲ್ಲ ಎಂದು ಪರೀಕ್ಷಕರು ಒಬ್ಬೊಬ್ಬರನ್ನೂ ಪ್ರತ್ಯೇಕವಾಗಿ ಕೇಳಿದರೆ ಆ ವ್ಯಾಪಾರ ತಾನಾಗಿ ನಿಲ್ಲುತ್ತದೆ.

ಗಣಕವು ಹಾಕಿದ್ದನ್ನೇ ಹಿಂದಿರುಗಿಸುವುದೆಂಬ ಆಕ್ಷೇಪವುಂಟು. ಯಥಾರ್ಥವಾದ ಆಕ್ಷೇಪವೇ ಅದು. ಅದಕ್ಕಾಗಿಯೇ ಹಾಕಿದ ನಿಯಮಗಳನ್ನು ರೈತರ ಮುಂದೆ ಓದಿ ತಿದ್ದಿಸಿಕೊಳ್ಳಬೇಕು. ಜನರನ್ನೇ ಒಳಗೊಂಡ ಇಂತಹ ಯತ್ನ ವ್ಯರ್ಥವಾಗದು: ಕರ್ನಾಟಕದ ಗಡಿಗೆ ಹೊಂದಿದ ಅನಂತಪುರ ಜಿಲ್ಲೆಯಲ್ಲಿ, ನೀರು ಹೆಚ್ಚು ಬೇಡುವ ಹಾಗೂ ಕಡಿಮೆ ಬೇಡುವ ಬೆಳೆಗಳ ನಡುವೆ ಆಯ್ಕೆ ಮಾಡುವ ಅಂತರ್ಜಲದ ಆಟವನ್ನು ಹಳ್ಳಿಗರಿಂದಲೇ ಆಡಿಸಿದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಪ್ರಬಂಧದ ಪ್ರಕಾರ, ಆಟವಾಡಿದ ಹಟ್ಟಿಗಳು ನೀರಿನ ಲೆಕ್ಕದ ಪುಸ್ತಕವನ್ನೂ ಬಳಕೆಯ ಕಟ್ಟಳೆಗಳನ್ನೂ ಇತರರಿಗಿಂತ ಹೆಚ್ಚಾಗಿ ಕೈಕೊಂಡವು. ಬೆಳೆಯ ಕ್ರಮ ಅಷ್ಟಾಗಿ ಬದಲಾಗಲಿಲ್ಲ. ಆದರೂ ಲೆಕ್ಕವಿಡುವ ಅಭ್ಯಾಸ ಹುಟ್ಟಿದುದು ಅಲ್ಪ ಸಿದ್ಧಿಯಲ್ಲ.

ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಗಣಕದಲ್ಲಿ ಇಂಗ್ಲಿಷ್ ಎಂಬ ಮೂರು ನುಡಿಗಳ ಮಧ್ಯೆ ಬೆಳೆಯುವ ನಮ್ಮ ಗಡಿನಾಡಿನ ಮಕ್ಕಳಿಗೆ ಈ ಕಾರ್ಯದಲ್ಲಿ ವಿಶೇಷ ಅರ್ಹತೆಯಿದೆ. ಅಜ್ಜನ ಬಾಯಿಂದ ಕನ್ನಡದಲ್ಲಿ ಕೇಳಿದುದನ್ನು ಅವರು ಮರಾಠಿಯಲ್ಲಿ ಚರ್ಚಿಸಿ ಗಣಕಕ್ಕೆ ಅರುಹಬಲ್ಲರು. ಈ ಭಾಗದ ಕಾಲೇಜುಗಳ ಅಧ್ಯಾಪಕರಲ್ಲಿ ನನ್ನ ವಿನಂತಿಯಿಷ್ಟೆ: ಬರುವ ವರ್ಷ ಒಂದೊಂದು ತಂಡಕ್ಕೆ ತೇರಣಾ ತೀರದ ಒಂದೊಂದು ಹಳ್ಳಿಯನ್ನು ಒಪ್ಪಿಸಿರಿ, ಸಿದ್ಧವಾದ ಮಾದರಿಯನ್ನು, ಕಬ್ಬು ನಾಟಿಯ ನಿರ್ಣಯವಾಗುವುದಕ್ಕೆ ಮುಂಚೆ, ಆ ಹಳ್ಳಿಯ ಗ್ರಾಮಸಭೆಯಲ್ಲಿ ಜನರ ನುಡಿಯಲ್ಲಿ ತೋರಿಸಿರಿ.